ಡ್ಯಾನಿಶ್ ಕವಿತೆಯ ಛಂದಸ್ಸು, ಪ್ರಾಸ, ಪುನರಾವರ್ತನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶುರು ಮಾಡೋದಕ್ಕೆ ಯಾವ ಕವಿತೆ ಒಳ್ಳೆಯದು?

ಹನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1850ರಲ್ಲಿ ಬರೆದ ‘ಡಾನ್ಮಾರ್ಕ್, ಮಿಟ್ ಫೆದ್ರೆಲಾನ್’, ಅಂದರೆ ‘ಡೆನ್ಮಾರ್ಕ್, ನನ್ನ ನಾಡು’. ಹೌದು, ಮಕ್ಕಳ ಕಥೆಗಳಿಂದ ನಮಗೆಲ್ಲ ಗೊತ್ತಿರುವ ಅದೇ ಆಂಡರ್ಸನ್. 1805ರಲ್ಲಿ ಓಡೆನ್ಸೆ ಊರಲ್ಲಿ ಹುಟ್ಟಿದವರು. ಶ್ಲೆಸ್ವಿಗ್ ಪ್ರಾಂತ್ಯಕ್ಕಾಗಿ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಈ ಕವಿತೆ ಬಂತು. ಡ್ಯಾನಿಶ್ ಜನ ಇದನ್ನು ಇವತ್ತಿಗೂ ಹಾಡುತ್ತಾರೆ. ಮೊದಲ ಸಾಲಿನಿಂದಲೇ ಗುರುತಿಸುತ್ತಾರೆ: ‘ಇ ಡಾನ್ಮಾರ್ಕ್ ಎರ್ ಯೈ ಫೋಟ್’, ನಾನು ಹುಟ್ಟಿದ್ದು ಡೆನ್ಮಾರ್ಕಿನಲ್ಲಿ.

ನಾಲ್ಕು ಪದ್ಯ, ಒಂದೊಂದಕ್ಕೂ ಎಂಟು ಸಾಲು. ಛಂದಸ್ಸು ಗಟ್ಟಿಯಾಗಿದೆ, ಪ್ರಾಸ ಸ್ಪಷ್ಟವಾಗಿದೆ, ಪುನರಾವರ್ತನೆ ಧಾರಾಳವಾಗಿದೆ. ಮೂರನ್ನೂ ಒಂದೇ ಕಡೆ ಕಲಿಯಬಹುದು. ಈ ಪುಟದಲ್ಲಿ ಹೆಚ್ಚಿನ ಉದಾಹರಣೆ ಇದರಿಂದಲೇ ಬರುತ್ತವೆ.

ನನಗೆ ಡ್ಯಾನಿಶ್ ಬರೋದಿಲ್ಲ. ಆದರೂ ಮಾಡಬಹುದಾ?

ಖಂಡಿತ. ಆದರೆ ಒಂದು ಕೆಲಸ ತಪ್ಪಿಸಿಕೊಳ್ಳಬೇಡಿ: ಯಾರಾದರೂ ಡ್ಯಾನಿಶ್ ಬಲ್ಲವರು ಓದಿದ್ದನ್ನು ನಾಲ್ಕಾರು ಸಲ ಕೇಳಿ. ಡ್ಯಾನಿಶ್‌ನಲ್ಲಿ ಬರೆಯೋದು ಒಂದು, ಉಲಿಯೋದು ಇನ್ನೊಂದು. ಎಷ್ಟೋ ಕಡೆ ಬರೆದ ವ್ಯಂಜನ ಬಾಯಲ್ಲಿ ಬರೋದೇ ಇಲ್ಲ. ಬರೀ ಪುಟ ನೋಡಿ ಲೆಕ್ಕ ಹಾಕಿದರೆ ದಾರಿ ತಪ್ಪುತ್ತದೆ.

ಇಲ್ಲಿ ಡ್ಯಾನಿಶ್ ಸಾಲುಗಳನ್ನು ಕಿವಿಗೆ ಕೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಡ್ಯಾನಿಶ್ ಸ್ವರಗಳೆಲ್ಲ ನಮ್ಮ ಲಿಪಿಗೆ ಪೂರ್ತಿ ಸಿಗೋದಿಲ್ಲ, ಆದರೆ ಲಯ ನೋಡಲು ಇಷ್ಟು ಸಾಕು.

ನಮ್ಮ ಲಘು-ಗುರು ಹಾಕಿ ಅಳೆಯಬಹುದಾ?

ಬೇಡ. ಕನ್ನಡ ಓದುಗರು ಮೊದಲು ಎಡವೋದು ಇಲ್ಲೇ. ನಮ್ಮಲ್ಲಿ ಮಾತ್ರೆ ಮುಖ್ಯ. ದೀರ್ಘ ಬಂದರೆ ಗುರು, ಒತ್ತಕ್ಷರದ ಹಿಂದಿನದು ಗುರು, ಹೀಗೆ ನಿಯಮ ಇದೆ. ಹೇಳಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನೋದರ ಲೆಕ್ಕ ಅದು.

ಡ್ಯಾನಿಶ್‌ನಲ್ಲಿ ಹೊತ್ತಿನ ಲೆಕ್ಕ ಇಲ್ಲ. ದನಿ ಎಲ್ಲಿ ಬಲವಾಗಿ ಬೀಳುತ್ತದೆ, ಎಲ್ಲಿ ಸಡಿಲವಾಗುತ್ತದೆ ಅನ್ನೋದೇ ಲೆಕ್ಕ. ಹ್ರಸ್ವ ಸ್ವರದ ಮೇಲೂ ದನಿಯ ಬಲ ಬೀಳಬಹುದು. ಉದಾಹರಣೆಗೆ ‘ಯೆಮ್ಮೆ’ (ಮನೆ, ನೆಲೆ) ಅನ್ನುವಲ್ಲಿ ಮೊದಲ ತುಣುಕು (ಸಿಲಬಲ್) ಹ್ರಸ್ವವೇ, ಆದರೂ ಬಲ ಅದರ ಮೇಲೆ. ಕೊನೆಯ ‘ಮ್ಮೆ’ ಮೆತ್ತಗೆ ಬಿದ್ದುಹೋಗುತ್ತದೆ.

ಹಾಗಾಗಿ ಎರಡು ಗುರುತು ಸಾಕು: ಬಲ, ಸಡಿಲ. ಇಲ್ಲಿ ಬಲ ಬೀಳುವ ತುಣುಕಿನ ಮುಂದೆ ಓರೆಗೆರೆ ಹಾಕುತ್ತೇನೆ. ಒಂದು ಸ್ವರಕ್ಕೆ ಒಂದು ತುಣುಕು ಅಂತ ಎಣಿಸಿ.

ಬಲ ಎಲ್ಲಿ ಬೀಳುತ್ತದೆ ಅಂತ ಹೇಗೆ ಗೊತ್ತಾಗಬೇಕು?

ಮೂಲ ಡ್ಯಾನಿಶ್ ಪದಗಳಲ್ಲಿ ಸಾಮಾನ್ಯವಾಗಿ ಮೊದಲ ತುಣುಕಿನ ಮೇಲೆ. ಜೋಡಿ ಪದದಲ್ಲಿ ಮೊದಲ ಪದ ಜೋರು, ಎರಡನೆಯದಕ್ಕೆ ಅರ್ಧ ಬಲ. ಕೊನೆಯಲ್ಲಿ ಬರುವ ‘ಎ’, ‘ಎರ್’, ‘ಎನ್’ ತುಣುಕುಗಳು ಹೆಚ್ಚು ಕಡಿಮೆ ಯಾವಾಗಲೂ ಸಡಿಲ. ನಾಮಪದ, ಕ್ರಿಯಾಪದಗಳು ಬಲ ಹೊರುತ್ತವೆ. ‘ಓ’ (ಮತ್ತು), ‘ಇ’ (ಒಳಗೆ), ‘ಮಿಟ್’ (ನನ್ನ) ಥರದ ಚಿಕ್ಕ ಪದಗಳು ಸುಮ್ನೆ ಪಕ್ಕಕ್ಕೆ ಸರಿಯುತ್ತವೆ. ಅನುಮಾನ ಬಂದರೆ ನಿಘಂಟು ನೋಡಿ, ಅದರಲ್ಲಿ ಬಲದ ಗುರುತು ಇರುತ್ತದೆ.

ಡ್ಯಾನಿಶ್ ಮಾತಿನಲ್ಲಿ ಗಂಟಲು ಒಂದು ಕ್ಷಣ ಹಿಡಿದು ಬಿಟ್ಟ ಹಾಗೆ ಕೇಳಿಸುವ ಒಂದು ತಡೆ ಇದೆ. ಅದಕ್ಕೆ ‘ಸ್ಟೋದ್’ ಅಂತ ಹೆಸರು. ಅದನ್ನು ಛಂದಸ್ಸಿನಲ್ಲಿ ಎಣಿಸಬೇಡಿ.

ಗಣಗಳ ಹೆಸರುಗಳೇನು?

ನಾಲ್ಕು ಗೊತ್ತಿದ್ದರೆ ಹೆಚ್ಚಿನ ಕವಿತೆಗಳಿಗೆ ಸಾಕು. ಸಡಿಲ-ಬಲ ಬಂದರೆ ಯಾಂಬೆ. ಬಲ-ಸಡಿಲ ಬಂದರೆ ಟ್ರೊಕೆ. ಬಲ-ಸಡಿಲ-ಸಡಿಲ ಅಂದರೆ ಡಾಕ್ಟೂಲ್. ಸಡಿಲ-ಸಡಿಲ-ಬಲ ಅಂದರೆ ಅನಾಪೆಸ್ಟ್.

ಒಂದು ಪದ್ಯ ಅಳೆದು ತೋರಿಸುತ್ತೀರಾ?

ಮೊದಲ ಪದ್ಯ ನೋಡೋಣ.

ಇ /ಡಾನ್ಮಾರ್ಕ್ /ಎರ್ ಯೈ /ಫೋಟ್, ಡೆರ್ /ಹಾರ್ ಯೈ /ಯೆಮ್ಮೆ,
ಡೆರ್ /ಹಾರ್ ಯೈ /ರೋದ್, ಡೆರ್/ಫ್ರಾ ಮಿನ್ /ವೆರ್ಡೆನ್ /ಗೋರ್;
ಡು /ಡಾನ್ಸ್ಕೆ /ಸ್ಪ್ರೋವ್, ಡು /ಎರ್ ಮಿನ್ /ಮೋದರ್ಸ್ /ಸ್ಟೆಮ್ಮೆ,
ಸೋ /ಸೋಟ್ ವೆಲ್/ಸೀನೆದ್ /ಡು ಮಿಟ್ /ಯೆರ್ಟೆ /ನೋರ್.
ಡು /ಡಾನ್ಸ್ಕೆ, /ಫ್ರಿಸ್ಕೆ /ಸ್ಟ್ರಾನ್,
ವೊರ್ /ಓಲ್ಟಿದ್ಸ್ /ಕೆಂಪೆ/ಗ್ರಾವೆ
ಸ್ಟೋ /ಮೆಲ್ಲೆಮ್ /ಎಬ್ಲೆ/ಗೋರ್ ಓ /ಹುಮ್ಲೆ/ಹಾವೆ.
ಡೈ /ಎಲ್ಸ್ಕರ್ /ಯೈ! /ಡಾನ್ಮಾರ್ಕ್, ಮಿಟ್ /ಫೆದ್ರೆ/ಲಾನ್!

ಅರ್ಥ ಸರಳ. ನಾನು ಹುಟ್ಟಿದ್ದು ಡೆನ್ಮಾರ್ಕಿನಲ್ಲಿ, ನನ್ನ ಮನೆ ಅಲ್ಲಿದೆ, ಬೇರು ಅಲ್ಲಿದೆ, ನನ್ನ ಲೋಕ ಅಲ್ಲಿಂದಲೇ ಹೊರಡುತ್ತದೆ. ಡ್ಯಾನಿಶ್ ನುಡಿಯೇ, ನೀನು ನನ್ನ ಅಮ್ಮನ ದನಿ, ಅಷ್ಟು ಸಿಹಿಯಾಗಿ ನನ್ನ ಎದೆ ಮುಟ್ಟುತ್ತೀಯ. ತಂಪು ಗಾಳಿಯ ಡ್ಯಾನಿಶ್ ಕಡಲ ದಂಡೆಯೇ, ಅಲ್ಲಿ ಸೇಬಿನ ತೋಟ, ಹಾಪ್ ಬಳ್ಳಿಯ ತೋಟಗಳ ನಡುವೆ ಪುರಾತನ ಕಾಲದ ದೊಡ್ಡ ಸಮಾಧಿಗಳು ನಿಂತಿವೆ. ನಿನ್ನನ್ನು ಪ್ರೀತಿಸುತ್ತೇನೆ, ಡೆನ್ಮಾರ್ಕ್, ನನ್ನ ನಾಡೇ.

ಈಗ ಎಣಿಸಿ. ಸಾಲುಗಳ ಉದ್ದ 11, 10, 11, 10, 6, 7, 11, 10 ತುಣುಕು. ಬಲಗಳು ಐದು, ಐದು, ಐದು, ಐದು, ಮೂರು, ಮೂರು, ಐದು, ಐದು. ಹೆಚ್ಚು ಕಡಿಮೆ ಎಲ್ಲ ಕಡೆ ಸಡಿಲ-ಬಲ, ಅಂದರೆ ಯಾಂಬೆ. ನಾಲ್ಕು ಉದ್ದ ಸಾಲು ಆದ ಮೇಲೆ ಐದು ಮತ್ತು ಆರನೇ ಸಾಲು ದಿಢೀರಂತ ಗಿಡ್ಡ ಆಗುತ್ತವೆ. ಮಾತು ಮನೆ, ಬೇರು, ನುಡಿಯಿಂದ ಕಣ್ಣೆದುರಿನ ಕಡಲ ದಂಡೆಗೆ ತಿರುಗೋದು ಸರಿಯಾಗಿ ಅಲ್ಲೇ. ಆಮೇಲೆ ಮತ್ತೆ ಉದ್ದ ಸಾಲು.

ಕೊನೆಯ ಸಾಲಿನಲ್ಲಿ ಲೆಕ್ಕ ತಪ್ಪಿದೆ ಅಲ್ವಾ?

ತಪ್ಪಿಲ್ಲ, ಮುರಿದಿದೆ. ಈ ಕವಿತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು.

ಮೊದಲ ಸಾಲು ಮತ್ತೆ ನೋಡಿ: ‘ಇ /ಡಾನ್ಮಾರ್ಕ್’. ಮುಂದೆ ಒಂದು ಸಡಿಲ ತುಣುಕು ‘ಇ’ ಇರೋದರಿಂದ ನಾಡಿನ ಹೆಸರು ಯಾಂಬೆಯ ನಡಿಗೆಗೆ ಸಲೀಸಾಗಿ ಹೊಂದಿಕೊಳ್ಳುತ್ತದೆ. ಎಂಟನೇ ಸಾಲಿಗೆ ಬನ್ನಿ. ‘ಡೈ /ಎಲ್ಸ್ಕರ್ /ಯೈ’ ಆದ ಮೇಲೆ ನಮ್ಮ ಕಿವಿ ಒಂದು ಸಡಿಲ ತುಣುಕಿಗೆ ಕಾಯುತ್ತಿದೆ. ಏಳು ಸಾಲು ಹಾಗೇ ಪಳಗಿಸಿದೆ. ಅದು ಬರೋದಿಲ್ಲ. ನೇರ ‘/ಡಾನ್’ ಬರುತ್ತದೆ. ಎರಡು ಬಲ ಅಕ್ಕಪಕ್ಕ ಬಿದ್ದು, ನಡುವೆ ಉಸಿರು ನಿಲ್ಲಲೇಬೇಕು. ಮುದ್ರಣದಲ್ಲಿ ಅಲ್ಲಿ ಉದ್ಗಾರದ ಗುರುತೂ ಅಡ್ಡಗೆರೆಯೂ ಇವೆ. ತುಣುಕಿನ ಲೆಕ್ಕ ಹತ್ತೇ, ಬಲ ಐದೇ, ಆದರೆ ಮೂರನೇ ಗಣ ತಲೆಕೆಳಗಾಗಿ ಟ್ರೊಕೆ ಆಗಿದೆ.

ಮೊದಲ ಸಾಲಿನಲ್ಲಿ ಡೆನ್ಮಾರ್ಕ್ ಒಂದು ಜಾಗ. ಕೊನೆಯ ಸಾಲಿನಲ್ಲಿ ಅದು ಕರೆಯುವ ಹೆಸರು. ಛಂದಸ್ಸು ಈ ವ್ಯತ್ಯಾಸವನ್ನು ಕಿವಿಗೆ ಕೇಳಿಸುತ್ತದೆ. ಇನ್ನೊಂದು ಮಾತು: ‘ಡೈ’ ಅಂದರೆ ನಿನ್ನನ್ನು, ‘ಯೈ’ ಅಂದರೆ ನಾನು. ಈಗಿನ ಉಚ್ಚಾರದಲ್ಲಿ ಇವೆರಡೂ ಒಂದೇ ‘ಐ’ ಸ್ವರ. ನೀನು, ನಾನು ಅರ್ಧ ಸಾಲಿನ ಎರಡು ತುದಿಯಲ್ಲಿ ನಿಂತು ಪ್ರಾಸ ಕಟ್ಟಿವೆ.

ಅಳೆಯೋದು ಯಾಕೆ ಅಂತ ಕೇಳಿದರೆ ನಾನು ತೋರಿಸೋದು ಈ ಸಾಲನ್ನೇ. ಅಳತೆ ಗೊತ್ತಿದ್ದರೆ ಮಾತ್ರ ಅಳತೆ ಮುರಿದ ಜಾಗ ಸಿಗುತ್ತದೆ. ಕವಿ ದನಿ ಬದಲಿಸಿದ್ದು ಅಲ್ಲೇ.

ಪದದ ಸಹಜ ಬಲ ಒಂದು ಕಡೆ, ಛಂದಸ್ಸಿನ ಬಲ ಇನ್ನೊಂದು ಕಡೆ ಬಿದ್ದರೆ?

ಎರಡನ್ನೂ ಬರೆದಿಡಿ. ಎರಡನೇ ಪದ್ಯದಲ್ಲಿ ‘ಫುಲ್‌ಮೋನೆನ್’ (ಹುಣ್ಣಿಮೆ ಚಂದ್ರ) ಅನ್ನುವ ಪದ ಬರುತ್ತದೆ. ಮಾತಿನಲ್ಲಿ ಬಲ ‘ಫುಲ್’ ಮೇಲೆ. ಸಾಲಿನ ಲಯ ಮಾತ್ರ ‘ಮೋ’ ಮೇಲೆ ಬಲ ಕೇಳುತ್ತದೆ. ಮೂರನೇ ಪದ್ಯದ ‘ಪ್ಲೋವ್‌ಯೆರ್ನೆದ್’ (ನೇಗಿಲ ಗುಳ) ಪದಕ್ಕೂ ಇದೇ ಪಾಡು. ಒಳ್ಳೆ ಓದುಗರು ಎರಡೂ ತುಣುಕಿಗೆ ಭಾರ ಕೊಟ್ಟು ನಿಧಾನವಾಗಿ ದಾಟುತ್ತಾರೆ. ಅಲ್ಲಿ ಸಾಲು ಸ್ವಲ್ಪ ಭಾರವಾಗುತ್ತದೆ. ನೇಗಿಲ ಗುಳಕ್ಕೆ ಬಂಗಾರದ ಕೊಂಬು ತಗಲುವ ಸಾಲಿಗೆ ಆ ಭಾರ ಒಪ್ಪುತ್ತದೆ ಅಂತ ನನಗನ್ನಿಸುತ್ತದೆ. (ಆ ಬಂಗಾರದ ಕೊಂಬುಗಳು ನಿಜವಾಗಿ ಇದ್ದವು. ಗಲ್ಲೆಹುಸ್ ಎಂಬಲ್ಲಿ 1639ರಲ್ಲಿ ಒಂದು, 1734ರಲ್ಲಿ ಇನ್ನೊಂದು ಸಿಕ್ಕಿತು. 1802ರಲ್ಲಿ ಎರಡೂ ಕಳುವಾದವು.)

ಕೆಲವು ಕಡೆ ತುಣುಕು ಒಂದು ಜಾಸ್ತಿ ಇರುತ್ತದೆ. ನಾಲ್ಕನೇ ಪದ್ಯದ ಏಳನೇ ಸಾಲು: ‘ಇ ಗ್ರೋನ್ನೆ ಓಎರ್, ಮಿಟ್ ಯೆರ್ಟೆಸ್ ಯೆಮ್ ಹೆರ್ನೇದೆ’, ಹಸಿರು ದ್ವೀಪಗಳೇ, ಇಹದಲ್ಲಿ ನನ್ನ ಎದೆಯ ಮನೆ ನೀವು. ಎಣಿಸಿದರೆ ಹನ್ನೆರಡು ಬರುತ್ತದೆ, ಬೇಕಾದ್ದು ಹನ್ನೊಂದು. ‘ಓಎರ್’ (ದ್ವೀಪಗಳು) ಪದವನ್ನು ಒಂದೇ ತುಣುಕಾಗಿ ಕೂಡಿಸಿ ಓದಿದರೆ ಸಾಲು ಕೂರುತ್ತದೆ. ಎರಡು ಸ್ವರ ಒಟ್ಟಿಗೆ ಬಂದಾಗ ಹೀಗೆ ಕೂಡಿಸೋದು ಹಳೆಯ ಪದ್ಯಗಳಲ್ಲಿ ಮಾಮೂಲು.

ಪ್ರಾಸವನ್ನು ಹೇಗೆ ಗುರುತಿಸಬೇಕು?

ಸಾಲಿನ ಕೊನೆಯ ಬಲದಿಂದ ಮುಂದಕ್ಕೆ ಕೇಳಿ. ಅಲ್ಲಿಂದ ಕೊನೆವರೆಗೆ ದನಿ ಒಂದೇ ಆದರೆ ಪ್ರಾಸ. ಪ್ರತಿ ಹೊಸ ಪ್ರಾಸಕ್ಕೆ ಒಂದೊಂದು ಅಕ್ಷರ ಕೊಡಿ. ನಮ್ಮ ಪದ್ಯದಲ್ಲಿ ಹೀಗಾಗುತ್ತದೆ: ಯೆಮ್ಮೆ (ಅ), ಗೋರ್ (ಆ), ಸ್ಟೆಮ್ಮೆ (ಅ), ನೋರ್ (ಆ), ಸ್ಟ್ರಾನ್ (ಇ), ಗ್ರಾವೆ (ಈ), ಹಾವೆ (ಈ), ಲಾನ್ (ಇ).

ಮೊದಲ ನಾಲ್ಕು ಸಾಲು ಒಂದು ಬಿಟ್ಟು ಒಂದು ಕೂಡುತ್ತವೆ. ಅದಕ್ಕೆ ಅಡ್ಡಪ್ರಾಸ ಅನ್ನಬಹುದು. ಕೊನೆಯ ನಾಲ್ಕರಲ್ಲಿ ಹೊರಗಿನ ಜೋಡಿ ಒಳಗಿನ ಜೋಡಿಯನ್ನು ಅಪ್ಪಿಕೊಂಡಿದೆ.

ಬಲದ ಮೇಲೆ ಮುಗಿಯುವ ಪ್ರಾಸಕ್ಕೆ (ಗೋರ್, ನೋರ್) ಡ್ಯಾನಿಶ್‌ನಲ್ಲಿ ಪುರುಷ ಪ್ರಾಸ ಅಂತಾರೆ. ಬಲ ಆಗಿ ಒಂದು ಸಡಿಲ ತುಣುಕು ಬಾಲದ ಹಾಗೆ ಉಳಿದರೆ (ಯೆಮ್ಮೆ, ಸ್ಟೆಮ್ಮೆ) ಸ್ತ್ರೀ ಪ್ರಾಸ. ಹನ್ನೊಂದು ಮತ್ತು ಏಳು ತುಣುಕಿನ ಸಾಲುಗಳೆಲ್ಲ ಸ್ತ್ರೀ ಪ್ರಾಸ, ಹತ್ತು ಮತ್ತು ಆರರದ್ದೆಲ್ಲ ಪುರುಷ ಪ್ರಾಸ.

ಬರಹದಲ್ಲಿ ಬೇರೆ ಬೇರೆ ಕಾಣುತ್ತದೆ, ಅದೂ ಪ್ರಾಸವೇ?

ಕಿವಿಗೆ ಕೂಡಿದರೆ ಪ್ರಾಸವೇ. ಎರಡನೇ ಪದ್ಯದಲ್ಲಿ ‘ವಾಯರ್’ (ಬಾವುಟ ಹಾರಾಡುತ್ತದೆ) ಮತ್ತು ‘ಸಾಯರ್’ (ಗೆಲುವು) ಜೋಡಿಯಾಗಿವೆ. ಪುಟದ ಮೇಲೆ ಎರಡರ ಸ್ವರ ಬೇರೆ, ಬಾಯಲ್ಲಿ ಒಂದೇ. ಗೆಲುವು ಅನ್ನುವ ಪದ ಸಾಮಾನ್ಯವಾಗಿ ಬರೆಯುವಾಗ ಇನ್ನೂ ಗಿಡ್ಡ. ಕವಿ ಹಳೆಯ, ಉದ್ದನೆಯ ರೂಪ ಹಿಡಿದು ಸ್ತ್ರೀ ಪ್ರಾಸ ಉಳಿಸಿಕೊಂಡಿದ್ದಾರೆ.

‘ಫಿನ್ನರ್’ (ಸಿಗುತ್ತದೆ), ‘ಮಿನ್ನರ್’ (ನೆನಪುಗಳು), ‘ಸ್ಟ್ರಾನ್’, ‘ಲಾನ್’, ಈ ನಾಲ್ಕರಲ್ಲೂ ‘ಡ’ ಬರೆಯುತ್ತಾರೆ, ಉಲಿಯೋದಿಲ್ಲ.

ನಮ್ಮ ಆದಿಪ್ರಾಸದ ಥರದ್ದು ಏನಾದರೂ ಇದೆಯಾ?

ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಡುವ ನಮ್ಮ ಪದ್ಧತಿ ಅಲ್ಲಿಲ್ಲ. ಬಲ ಬಿದ್ದ ಪದಗಳ ಮೊದಲ ವ್ಯಂಜನ ಒಂದೇ ಇರುವ ಅಕ್ಷರಪ್ರಾಸ ಇದೆ. ‘ಯೆರ್ಟೆಸ್ ಯೆಮ್’ (ಎದೆಯ ಮನೆ) ನೋಡಿ. ನಾರ್ಡಿಕ್ ನಾಡುಗಳ ಪುರಾತನ ಕಾವ್ಯ ನಿಂತಿದ್ದೇ ಇದರ ಮೇಲೆ. ಸಾಲಿನ ಕೊನೆಯ ಪ್ರಾಸ ಆಮೇಲೆ ಬಂತು. ಆಂಡರ್ಸನ್ ಅಕ್ಷರಪ್ರಾಸವನ್ನು ಅಪರೂಪಕ್ಕೆ ಬಳಸುತ್ತಾರೆ, ಹಾಗಾಗಿ ಬಂದ ಕಡೆ ಎದ್ದು ಕೇಳಿಸುತ್ತದೆ.

ಪುನರಾವರ್ತನೆಯಲ್ಲಿ ಏನೇನು ನೋಡಬೇಕು?

‘ಈ ಪದ ಇಷ್ಟು ಸಲ ಬಂದಿದೆ’ ಅಂತ ಬರೆದು ಮುಗಿಸಬೇಡಿ. ಮತ್ತೆ ಬಂದಾಗ ಏನು ಬದಲಾಯಿತು ಅಂತ ನೋಡಿ. ಈ ಕವಿತೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಬದಲಾಗದೆ ಬರುವುದು ಎರಡು ಸಾಲು. ಐದನೆಯದು (‘ಡು ಡಾನ್ಸ್ಕೆ, ಫ್ರಿಸ್ಕೆ ಸ್ಟ್ರಾನ್’) ಮತ್ತು ಎಂಟನೆಯದು, ನಾಲ್ಕೂ ಪದ್ಯದಲ್ಲಿ ಇದ್ದ ಹಾಗೇ ಬರುತ್ತವೆ. ಎಂಟನೆಯದು ಪಲ್ಲವಿ. ಡ್ಯಾನಿಶ್‌ನಲ್ಲಿ ಅದಕ್ಕೆ ‘ಓಮ್‌ಕ್ವೆದ್’ ಅಂತ ಹೆಸರು. ಹಾಗಾಗಿ ದಂಡೆ-ನಾಡು ಎಂಬ ಪ್ರಾಸ ಕವಿತೆಯಿಡೀ ಕದಲೋದಿಲ್ಲ. ಎರಡನೇ ಪದ್ಯದಲ್ಲಂತೂ ಎರಡು, ನಾಲ್ಕನೇ ಸಾಲಿನ ಕೊನೆಗೂ ಅದೇ ‘ಸ್ಟ್ರಾನ್’, ‘ಫೆದ್ರೆಲಾನ್’ ಬಂದು ಕೂರುತ್ತವೆ. ಪಲ್ಲವಿಯ ಪದಗಳು ಪದ್ಯದ ಮೇಲ್ಭಾಗಕ್ಕೂ ಹತ್ತಿಬಿಟ್ಟಿವೆ. ಮೊದಲ ಪದ್ಯದಲ್ಲಿ ನಾಲ್ಕು ಪ್ರಾಸ ಇದ್ದವು, ಇಲ್ಲಿ ಮೂರೇ.

ಇನ್ನು ಸೂಕ್ಷ್ಮವಾದದ್ದು. ಎರಡನೇ ಪದ್ಯದ ಏಳನೇ ಸಾಲು: ಬಾವುಟವನ್ನು ದೇವರು ನಮಗೆ ಕೊಟ್ಟ (ಗಾವ್), ದೇವರೇ ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಗೆಲುವು ಕೊಡು (ಗೀವ್). ಮೂರನೇ ಪದ್ಯದ ಅದೇ ಏಳನೇ ಸಾಲು: ದೇವರೇ ನಿನಗೆ ನಾಳೆಯನ್ನು ಕೊಡಲಿ (ಗೀವ್), ನೆನಪುಗಳನ್ನು ಕೊಟ್ಟ ಹಾಗೆ (ಗಾವ್). ಕೊಟ್ಟ-ಕೊಡು, ಕೊಡು-ಕೊಟ್ಟ. ಕ್ರಮ ತಿರುಗಿದೆ. ನಡುವಿನ ಸಾಲುಗಳಲ್ಲಿ ಕವಿ ಹೇಳಿದ್ದು, ಒಂದು ಕಾಲದಲ್ಲಿ ನೀನು ಉತ್ತರದ ನಾಡುಗಳನ್ನೆಲ್ಲ ಆಳಿದೆ, ಈಗ ನಿನ್ನನ್ನು ದುರ್ಬಲ ಅನ್ನುತ್ತಾರೆ ಅಂತ. ಆ ಮಾತಿನ ನಂತರ ಪ್ರಾರ್ಥನೆ ನಾಳೆಯಿಂದ ಶುರುವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಪುನರಾವರ್ತನೆ ನಾಲ್ಕನೇ ಪದ್ಯದಲ್ಲಿದೆ. ಅದು ಮೊದಲ ಪದ್ಯವನ್ನೇ ಹೆಚ್ಚು ಕಡಿಮೆ ಮತ್ತೆ ಬರೆಯುತ್ತದೆ. ಮೇಲಿನ ನಾಲ್ಕು ಸಾಲುಗಳ ಪ್ರಾಸದ ಪದಗಳೂ ಅವೇ: ಯೆಮ್ಮೆ, ಗೋರ್, ಸ್ಟೆಮ್ಮೆ, ನೋರ್. ಆದರೆ ಈಗ ಹೀಗೆ ಶುರುವಾಗುತ್ತದೆ:

ಡು /ಲಾನ್, ವೊರ್ /ಯೈ ಬ್ಲೆವ್ /ಫೋಟ್, ವೊರ್ /ಯೈ ಹಾರ್ /ಯೆಮ್ಮೆ,
ವೊರ್ /ಯೈ ಹಾರ್ /ರೋದ್...

ನಾನು ಹುಟ್ಟಿದ, ನನ್ನ ಮನೆ ಇರುವ, ನನ್ನ ಬೇರು ಇರುವ ನಾಡೇ. ಮೊದಲ ಪದ್ಯದಲ್ಲಿ ಡೆನ್ಮಾರ್ಕಿನ ಬಗ್ಗೆ ಮಾತು ನಡೆದಿತ್ತು, ‘ನೀನು’ ಅಂತ ಕರೆಸಿಕೊಂಡಿದ್ದು ಮೊದಲು ನುಡಿ. ಈಗ ಮೊದಲ ಪದವೇ ನಾಡಿಗೆ ‘ನೀನು’ ಅನ್ನುತ್ತದೆ. ಇನ್ನು ಬಲದ ಗುರುತು ನೋಡಿ. ಆಗ ‘ಡೆರ್ /ಹಾರ್ ಯೈ’, ಬಲ ‘ಇದೆ’ ಅನ್ನುವ ಕ್ರಿಯಾಪದದ ಮೇಲಿತ್ತು. ಈಗ ‘ವೊರ್ /ಯೈ ಹಾರ್’, ಬಲ ‘ನಾನು’ ಅನ್ನುವುದರ ಮೇಲೆ. ಎರಡು ಸಾಲಿನಲ್ಲಿ ಮೂರು ಸಲ. ಪದಗಳು ಹೆಚ್ಚು ಕಡಿಮೆ ಅವೇ, ಸ್ಥಾನ ಅದಲು ಬದಲಾಗಿದ್ದಷ್ಟೇ. ಛಂದಸ್ಸು, ಪ್ರಾಸ, ಪುನರಾವರ್ತನೆ ಮೂರನ್ನೂ ಒಟ್ಟಿಗೆ ಇಟ್ಟು ನೋಡದೆ ಇದು ಸಿಗೋದಿಲ್ಲ. ದಯವಿಟ್ಟು ಮೂರಕ್ಕೆ ಮೂರು ಬೇರೆ ಪ್ಯಾರಾ ಬರೆದು ಕೈ ತೊಳೆದುಕೊಳ್ಳಬೇಡಿ.

ಪಲ್ಲವಿಗೂ ಕಥೆಗೂ ಸಂಬಂಧವೇ ಇಲ್ಲ ಅನ್ನಿಸಿದರೆ?

ಜನಪದ ಲಾವಣಿಗಳಲ್ಲಿ ಹೀಗಾಗುತ್ತದೆ. ‘ಎಲ್ವರ್‌ಸ್ಕುದ್’ ಎಂಬ ಲಾವಣಿಯಲ್ಲಿ ಓಲುಫ್ ತನ್ನ ಮದುವೆಗೆ ಜನರನ್ನು ಕರೆಯಲು ಕುದುರೆ ಏರಿ ಹೊರಡುತ್ತಾನೆ. ದಾರಿಯಲ್ಲಿ ಮಾಯದ ಹೆಣ್ಣೊಬ್ಬಳು ಕುಣಿಯಲು ಕರೆಯುತ್ತಾಳೆ, ಇವನು ಒಲ್ಲೆ ಅನ್ನುತ್ತಾನೆ. ಅವಳ ಏಟು ತಿಂದು ಮನೆ ಸೇರುತ್ತಾನೆ, ಮರುದಿನ ಹೆಣವಾಗಿರುತ್ತಾನೆ. ಪಲ್ಲವಿ ಮಾತ್ರ ಪ್ರತಿ ಸಲ ಹೇಳೋದು, ತೋಪಿನಲ್ಲಿ ಕುಣಿತ ಹಗುರವಾಗಿ ಸಾಗಿದೆ ಅಂತ. ಮೊದಲು ಕೇಳಿದಾಗ ಅದು ಹಿತವಾದ ಸಾಲು. ಸಾವಿನ ನಂತರವೂ ಅದೇ ಸಾಲು ಬಂದಾಗ ಮೈ ನಡುಗುತ್ತದೆ. ಒಂದಕ್ಷರ ಬದಲಾಗಿಲ್ಲ, ಸುತ್ತಲಿನ ಕಥೆ ಬದಲಾಗಿದೆ. ವಿಶ್ಲೇಷಣೆಯಲ್ಲಿ ಬರೆಯಬೇಕಾದ್ದು ಅದನ್ನೇ.

ಪ್ರಾಸವೂ ಇಲ್ಲ, ಕಟ್ಟಾದ ಛಂದಸ್ಸೂ ಇಲ್ಲ. ಆಗ?

ಪುನರಾವರ್ತನೆಯನ್ನು ಹಿಡಿದುಕೊಳ್ಳಿ. ಡ್ಯಾನಿಶ್ ಕವಿ ಇಂಗರ್ ಕ್ರಿಸ್ಟೆನ್ಸನ್ ಅವರ ‘ಆಲ್ಫಬೇತ್’ (1981) ಇದಕ್ಕೆ ಒಳ್ಳೆ ಉದಾಹರಣೆ. ‘ಇದೆ, ಇವೆ’ ಅನ್ನುವ ಒಂದೇ ಕ್ರಿಯಾಪದ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಭಾಗಗಳು ಅಕ್ಷರಮಾಲೆಯ ಕ್ರಮದಲ್ಲಿ ಸಾಗುತ್ತವೆ. ಸಾಲುಗಳ ಸಂಖ್ಯೆ ಫಿಬೊನಾಚಿ ಸರಣಿಯಂತೆ (ಹಿಂದಿನ ಎರಡನ್ನು ಕೂಡಿದರೆ ಮುಂದಿನದು) 1, 2, 3, 5, 8 ಹೀಗೆ ಬೆಳೆಯುತ್ತದೆ. ಕಟ್ಟು ಇದೆ, ಅದು ಬೇರೆ ಥರದ್ದು ಅಷ್ಟೇ.

ಹಾಡಿನ ಧಾಟಿಯನ್ನೂ ಲೆಕ್ಕಕ್ಕೆ ತಗೋಬೇಕಾ?

ಕೊನೆಗೆ ತಗೊಳ್ಳಿ. ಆಂಡರ್ಸನ್ ಕವಿತೆಗೆ ಹೆನ್ರಿಕ್ ರುಂಗ್ 1850ರಲ್ಲೂ ಪೌಲ್ ಶೀರ್‌ಬೆಕ್ 1926ರಲ್ಲೂ ಧಾಟಿ ಕಟ್ಟಿದರು. ಸಂಗೀತಕ್ಕೆ ತನ್ನದೇ ತಾಳ ಇದೆ, ಎರಡು ಬಲಗಳ ನಡುವಿನ ಬಿರುಕನ್ನು ಅದು ಮುಚ್ಚಿಬಿಡಬಹುದು. ಮೊದಲು ಗಟ್ಟಿಯಾಗಿ ಓದಿ ಗುರುತು ಹಾಕಿ, ಆಮೇಲೆ ಹಾಡು ಕೇಳಿ.

ಇಬ್ಬರು ಬೇರೆ ಬೇರೆ ಗುರುತು ಹಾಕಿದರೆ ಯಾರದ್ದು ಸರಿ?

ಕೆಲವೊಮ್ಮೆ ಇಬ್ಬರದ್ದೂ. ಮೊದಲ ಸಾಲಿನಲ್ಲಿ ನಾನು ‘ಡೆರ್ /ಹಾರ್ ಯೈ /ಯೆಮ್ಮೆ’ ಅಂತ ಹಾಕಿದ್ದೇನೆ, ಯಾಂಬೆ ಹಾಗೆ ಕೇಳುತ್ತದೆ. ‘/ಡೆರ್ ಹಾರ್ ಯೈ /ಯೆಮ್ಮೆ’ ಅಂತ ಓದುವವರೂ ಇದ್ದಾರೆ, ಅಂದರೆ ‘ಅಲ್ಲೇ ನನ್ನ ಮನೆ’. ಮಾತಿಗೆ ಅದು ಸಹಜ. ಹಾಗೆ ಓದಿದರೆ ಆ ಗಣವೂ ತಿರುಗಿ ಟ್ರೊಕೆ ಆಗುತ್ತದೆ, ಕೊನೆಯ ಸಾಲಿನ ‘/ಡಾನ್ಮಾರ್ಕ್’ ತಿರುವಿನ ಸುಳಿವು ಮೊದಲ ಸಾಲಿನಲ್ಲೇ ಸಿಗುತ್ತದೆ. ಯಾವುದನ್ನು ಆರಿಸಿದರೂ ಕಾರಣ ಬರೆಯಿರಿ. ಕಾರಣ ಇಲ್ಲದ ಗುರುತಿಗೆ ಬೆಲೆ ಇಲ್ಲ.

ಇದಾದ ಮೇಲೆ ಯಾವ ಕವಿತೆ ಹಿಡಿಯಲಿ?

ಆಡಂ ಓಲೆನ್‌ಶ್ಲೇಗರ್ 1819ರಲ್ಲಿ ಬರೆದ ರಾಷ್ಟ್ರಗೀತೆ, ‘ಡೆರ್ ಎರ್ ಎಟ್ ಯುಂಡಿಗ್ಟ್ ಲಾನ್’ (ಚೆಲುವಾದ ಒಂದು ನಾಡಿದೆ). ಸಾಲುಗಳು ಗಿಡ್ಡ, ಯಾಂಬೆ ಸಲೀಸು. ಅದರ ಮೊದಲ ಪ್ರಾಸವೂ ನಾಡು-ದಂಡೆಯೇ: ‘ಲಾನ್’ ಮತ್ತು ‘ಓಸ್ಟರ್‌ಸ್ಟ್ರಾನ್’. ಆಂಡರ್ಸನ್‌ಗಿಂತ ಸುಮಾರು ಮೂವತ್ತು ವರ್ಷ ಮೊದಲೇ ಆ ಜೋಡಿ ಅಲ್ಲಿತ್ತು. ಸುತ್ತ ಕಡಲಿರುವ ನಾಡಿಗೆ ಆ ಎರಡು ಪದ ಕೂಡಿ ಬಂದಿದ್ದು ಕವಿಗಳ ಅದೃಷ್ಟ. ಮೊದಲ ಪದ್ಯದ ಐದನೇ ಸಾಲು ‘ಡಾನ್ಮಾರ್ಕ್’ ಪದದ ಮೇಲೆ ಮುಗಿಯುತ್ತದೆ, ಅದಕ್ಕೆ ಪ್ರಾಸದ ಜೋಡಿ ಇಲ್ಲ. ಎರಡನೇ ಸಾಲಿಗೂ ಇಲ್ಲ. ಆ ಎರಡು ಸಾಲು ಯಾವ ತುಣುಕಿನ ಮೇಲೆ ಮುಗಿಯುತ್ತವೆ, ಉಳಿದವು ಯಾವುದರ ಮೇಲೆ ಅಂತ ಗುರುತು ಹಾಕಿ, ಅಲ್ಲಿಂದ ಶುರು ಮಾಡಿ.